ಮಡಿಯಲ್ಲ

ನನ್ನ ಹೆಂಡತಿ ಅಮ್ಮಣಿಯನ್ನು ನಾನು ಸೌದೆ ಕೊಟ್ಟಿಗೆಯಲ್ಲಿ ಮಲಗಿಸಿದ್ದು ನಿಜ. ಐದು ತಿಂಗಳು ಮಲಗಿಸಿದ್ದೂ ನಿಜ. ಹೊಡೆದೆ ಎಂದು ಊರವರು ಹೇಳುವುದು ಮಾತ್ರ ಸುಳ್ಳು. ನನ್ನನ್ನು ಬೈಯುವುದಕ್ಕೆ ಬೇಕಾದಷ್ಟು ಕಾರಣಗಳಿವೆ, ಅದಕ್ಕೆ ಸುಳ್ಳನ್ನು ಸೇರಿಸುವ ಅಗತ್ಯವಿಲ್ಲ. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ನಾನು ಹೊನ್ನಯ್ಯ. ಪೆರ್ಲ ಪೇಟೆಯಿಂದ ಒಂದು ಗುಡ್ಡ ಆಚೆ ನಮ್ಮ ಮನೆ. ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು ಸೋದರಮಾವನಿಂದ ಕಲಿತ ಕಸುಬು. ಒಂದು ಕಾಲದಲ್ಲಿ ಈ ಕಸುಬಿಗೆ ಹೆಂಡತಿಯ ಹಂಗಿರಲಿಲ್ಲ. ಹತ್ತಿದೆ, ಇಳಿದೆ, ಅಂಗಡಿಯ ಪೀಪಾಯಿಗೆ ಸುರಿದೆ, ಮುಗಿಯಿತು. ಸ್ವರಾಜ್ಯ ಬಂದು ಒಂದು ವರ್ಷವಾಗುವಾಗ ಪಾನನಿರೋಧವೂ ಬಂತು. ಇನ್ನು ಕಳ್ಳು ಇಳಿಸಿದರೆ ಜೈಲು. ಬೆಲ್ಲ ಕಾಯಿಸುವುದಾದರೆ ಮಾತ್ರ ಸಿಹಿ ಕಳ್ಳು ಇಳಿಸಲು ಸರಕಾರ ಒಂದು ಚೀಟಿ ಕೊಡುತ್ತಿತ್ತು. ಮಡಕೆಯ ಒಳಗೆ ಸುಣ್ಣ ಬಳಿದು ಮರಕ್ಕೆ ಕಟ್ಟಿದರೆ ರಸ ಹುಳಿಯುವುದಿಲ್ಲ, ಅದೇ ಸಿಹಿ ಕಳ್ಳು. ಬೆಳಿಗ್ಗೆ ಇಳಿಸಿದ್ದನ್ನು ಬಿಸಿಲೇರುವ ಮೊದಲು ಒಲೆಗಿಟ್ಟು, ಸೌಟು ಬಿಡದೆ ತಿರುವಿ, ಪಾಕ ಬಂದಾಗ ತೆಂಗಿನ ಗೆರಟೆಗಳಿಗೆ ಹೊಯ್ಯಬೇಕು. ತಡವಾದರೆ ಹುಳಿ. ಹುಳಿಯಾದರೆ ಅದು ಕಳ್ಳು. ಅದು ಕಳ್ಳಾದರೆ ನಾನು ಕಳ್ಳ.

ಮರದ ಕೆಲಸ ನನ್ನದು, ಸುಣ್ಣ ಮತ್ತು ಒಲೆ ಹೆಂಡತಿಯದು. ಕಸುಬಿನವರ ಮನೆಗಳಲ್ಲೆಲ್ಲ ಹಾಗೆಯೇ ನಡೆಯುತ್ತಿತ್ತು. ಹೆಂಡತಿ ಬೇಗ ಎದ್ದರೆ ಬೆಲ್ಲ, ಏಳದಿದ್ದರೆ ಗಂಡ ಠಾಣೆಯಲ್ಲಿ. ನನ್ನ ಹೆಂಡತಿ ಏಳುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಹೀಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಅಮ್ಮಣಿ ಬೋವಿಕಾನದ ಕಡೆಯವಳು. ಮನೆಯಲ್ಲಿ ನಮ್ಮಂತೆ ತುಳು, ಪೇಟೆಯಲ್ಲಿ ಮಲಯಾಳ. ನಾನು ಐದನೆಯ ಕ್ಲಾಸಿನ ತನಕ ಕನ್ನಡ ಶಾಲೆಯಲ್ಲಿ ಕೂತವನು, ಅವಳು ಅಷ್ಟೇ ವರ್ಷ ಮಲಯಾಳ ಶಾಲೆಯಲ್ಲಿ. ಬಂದ ಮೊದಲ ವರ್ಷ ಅವಳ ಕಾಲು ನೆಲದಲ್ಲಿ ನಿಲ್ಲುತ್ತಿರಲಿಲ್ಲ. ನಾನು ಮರದಿಂದ ಇಳಿಯುವಷ್ಟರಲ್ಲಿ ಒಲೆ ಉರಿಯುತ್ತಿತ್ತು, ಅಂಗಳ ಗುಡಿಸಿರುತ್ತಿತ್ತು. ನನ್ನ ಅಮ್ಮ ಅಕ್ಕು, ಹೊಗಳುವುದೆಂದರೆ ಕೈಬಿಟ್ಟು ಹೋಗುವ ಸೊತ್ತು ಎಂದು ತಿಳಿದವಳು, ಅವಳು ಕೂಡ ಒಮ್ಮೆ "ಪರವಾಗಿಲ್ಲ" ಎಂದಿದ್ದಳು.

ಮೂರನೆಯ ವರ್ಷ ಒಂದು ಗರ್ಭ ನಿಂತಿತು, ನಾಲ್ಕು ತಿಂಗಳಿಗೆ ಇಳಿದು ಹೋಯಿತು. ಶುರುವಾದದ್ದು ಅಲ್ಲಿಂದ. ಮೊದಮೊದಲು ಮಧ್ಯಾಹ್ನ ಅರ್ಧ ಗಂಟೆ ಒರಗುತ್ತಿದ್ದಳು. ಮತ್ತೆ ಉಂಡ ಕೂಡಲೇ. ಮತ್ತೆ ಉಣ್ಣುವ ಮೊದಲೇ. ಒಂದು ಕೊಡ ನೀರು ತಂದರೆ ಮೆಟ್ಟಿಲಲ್ಲಿ ಕೂತು ಬಿಡುವಳು, ಕಾಶಿಗೆ ಹೋಗಿ ಬಂದವಳ ಹಾಗೆ. ಮುಖ ಊದಿತು, ರೆಪ್ಪೆ ದಪ್ಪವಾಯಿತು, ಹುಬ್ಬಿನ ತುದಿಯ ಕೂದಲು ಉದುರಿತು, ಕತ್ತಿನ ಎದುರು ಸಣ್ಣ ಗೇರುಬೀಜದಷ್ಟು ಉಬ್ಬು ಬಂತು. ಸ್ವರ ದಪ್ಪವಾಗಿ ಗಂಡಸಿನ ಸ್ವರ ಆಯಿತು. ಬಟ್ಟಲು ತುಂಬ ಉಣ್ಣುತ್ತಿದ್ದವಳು ಹಿಡಿ ಉಣ್ಣುವವಳಾದರೂ ಮೈ ಮಾತ್ರ ಬರುತ್ತಲೇ ಇತ್ತು. "ತಿಂದು ಮಲಗಿ ಊದಿದ್ದಾಳೆ" ಎಂದಳು ಅಮ್ಮ. ನನಗೂ ಹಾಗೆಯೇ ಕಂಡಿತು. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಉರಿಯುವ ಒಲೆಯ ಮುಂದೆ, ಕಂಬಳಿ ಹೊದ್ದು ಕೂರುವ ಹೆಂಗಸನ್ನು ನೀವು ನೋಡಿದ್ದೀರಾ? ನಾನು ದಿನಾ ನೋಡುತ್ತಿದ್ದೆ. ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಹನ್ನೊಂದನೆಯ ಮರದ ತುದಿಯಲ್ಲಿದ್ದೆ. ಬೆಲ್ಲ ಸೀದ ವಾಸನೆ ಅಲ್ಲಿಯ ತನಕ ಬಂತು. ಮೇಲಿನಿಂದಲೇ ಕೂಗಿದೆ.

"ಅಮ್ಮಣೀ! ಸತ್ತಿದ್ದೀಯಾ?"

ನಮ್ಮದು ಇಳಿಜಾರಿನ ಊರು. ಮರದ ಮೇಲೆ ಕೂಗಿದ್ದು ಕೆಳಗಿನ ಗದ್ದೆಯವರಿಗೂ ಕೇಳುತ್ತದೆ. ಕೆಳಗೆ ಕೆಲಸ ನಿಲ್ಲಿಸಿ ಎಲ್ಲರೂ ತಲೆ ಎತ್ತಿದರು. ಸುಮಾರು ಹೊತ್ತಿನ ಮೇಲೆ ಒಳಗಿನಿಂದ ಆ ದಪ್ಪ ಸ್ವರ ಬಂತು.

"ಇನ್ನೂ ಇಲ್ಲ."

ಗದ್ದೆಯವರು ನಕ್ಕರು. ಅವಳ ನಾಲಗೆಗೆ ಮಾತ್ರ ಆಯಾಸ ಇರಲಿಲ್ಲ, ಅದೊಂದು ನನಗೆ ಸಹಿಸಲಾಗುತ್ತಿರಲಿಲ್ಲ. ಇಳಿದು ಹೋಗಿ ನೋಡಿದರೆ ಸೌಟು ಕೈಯಲ್ಲೇ ಇತ್ತು, ತಲೆ ಗೋಡೆಗೆ ಒರಗಿತ್ತು, ಬಾಣಲೆಯಲ್ಲಿ ಹತ್ತು ಮರದ ರಸ ಕರಿಯಾಗಿ ಕೂತಿತ್ತು. ಬೇರೆಯವರಾದರೆ ಎದ್ದು ಗಾಬರಿಯಾಗುತ್ತಿದ್ದರು. ಅವಳು ಕಣ್ಣು ತೆರೆದು, ಬಾಣಲೆ ನೋಡಿ, ಮತ್ತೆ ಮುಚ್ಚಿದಳು.

"ಸೋಮಾರಿ," ಎಂದೆ. ಗರ್ಭ ಇಳಿದ ಮೇಲಿನ ಆ ಮೂರು ವರ್ಷದಲ್ಲಿ ನಾನು ಅವಳನ್ನು ಹೆಸರು ಹಿಡಿದು ಕರೆದದ್ದಕ್ಕಿಂತ ಹಾಗೆ ಕರೆದದ್ದೇ ಹೆಚ್ಚು.

ಇನ್ನೊಂದು ವಿಷಯ ಉಂಟು. ಹೇಳಲು ಸಂಕೋಚ, ಆದರೆ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ ಕೂರುವುದು ಆಗ ಎಲ್ಲರ ಮನೆಯಲ್ಲಿಯೂ ಇದ್ದ ಕ್ರಮ. ಅಮ್ಮಣಿಯ ಮುಟ್ಟು ಮೂರಕ್ಕೆ ನಿಲ್ಲದೆ ಎಂಟಾಯಿತು, ಹತ್ತಾಯಿತು, ಕೆಲವು ತಿಂಗಳು ಹನ್ನೆರಡು. ಅಷ್ಟು ದಿನ ಒಲೆ ಅಮ್ಮನ ಪಾಲಿಗೆ. ಅಮ್ಮನಿಗೆ ಅದು ಕಳ್ಳಾಟದ ಹಾಗೆ ಕಂಡಿತು. "ನಾಲ್ಕನೇ ದಿನ ಮಿಂದು ಒಳಗೆ ಬಾ. ಊರಿಗಿಲ್ಲದ ಮುಟ್ಟು ನಿನಗೆ ಎಂತದ್ದು?" ಎಂದು ಗದರಿಸಿ ಕರೆದಳು. ಅಮ್ಮಣಿ ಬಂದಳು. ಮುಟ್ಟಾದವರು ಮಡಕೆ ಮುಟ್ಟಿದರೆ ರಸ ಹುಳಿಯುತ್ತದೆ ಎನ್ನುವುದು ನಮ್ಮ ಕಸುಬಿನವರ ಹಳೆಯ ನಂಬಿಕೆ. ಕರೆಯುವಾಗ ಅಮ್ಮನಿಗೆ ಅದು ನೆನಪಾಗಲಿಲ್ಲ. ನನಗೂ ಆಗಲಿಲ್ಲ. ನಮಗೆ ಬೇಕಾದಾಗ ಬೇಕಾದ್ದು ಮರೆಯುತ್ತದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಪೊಲೀಸರು ಬಂದರು. ನಾನು ಇಳಿಸಿದ ಮಡಕೆಗಳಿಗೆ ಒಂದೊಂದಾಗಿ ಮೂಗು ಇಟ್ಟರು. ಎಂಟು ಸಿಹಿ, ನಾಲ್ಕು ಹುಳಿ. ಆ ನಾಲ್ಕಕ್ಕೆ ಸುಣ್ಣವನ್ನೇ ಬಳಿದಿರಲಿಲ್ಲ. ಅವರು ಹನ್ನೆರಡನ್ನೂ ಒಡೆದರು. ಒಂದರ ಕುತ್ತಿಗೆಯನ್ನು ಹಗ್ಗಕ್ಕೆ ಕಟ್ಟಿ ನನ್ನ ಕತ್ತಿಗೆ ನೇತು ಹಾಕಿ, ಪೆರ್ಲ ಪೇಟೆಯ ನಡುವೆ ನಡೆಸಿಕೊಂಡು ಹೋದರು. ಗುರುತಿನವರೆಲ್ಲ ಅಂಗಡಿಯ ಜಗಲಿಗೆ ಬಂದು ನಿಂತು ನೋಡಿದರು. ಒಬ್ಬನೂ ಮಾತಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮರುದಿನ ಬಿಟ್ಟರು.

ಮನೆಗೆ ಬಂದಾಗ ಅವಳು ಜಗಲಿಯಲ್ಲಿ ಒರಗಿ ಕೂತಿದ್ದಳು.

"ಸುಣ್ಣ ಬಳಿದಿದ್ದೇನೆ ಅಂತಲೇ ಎಣಿಸಿದ್ದೆ," ಎಂದಳು. "ನೆನಪು ಹೋಯಿತು."

"ಅನ್ನ ಉಣ್ಲಿಕ್ಕೆ ನೆನಪು ಉಂಟಲ್ಲ?"

"ಅದನ್ನು ನಿಮ್ಮ ಅಮ್ಮ ನೆನಪು ಮಾಡ್ತಾರೆ. ಒಂದೊಂದು ತುತ್ತಿಗೂ." ಸ್ವಲ್ಪ ಉಸಿರು ತೆಗೆದುಕೊಂಡಳು. "ನನಗೆ ಎಂತದೋ ರೋಗ ಉಂಟು. ನಾನು ಬೇಕಂತ ಮಾಡುದಲ್ಲ. ಡಾಕ್ಟರಿಗೆ ತೋರಿಸಿ."

"ತೋರಿಸ್ತೇನೆ," ಎಂದೆ. "ರೋಗ ಇಲ್ಲ ಅಂತ ಡಾಕ್ಟರ ಬಾಯಿಂದಲೇ ಹೇಳಿಸ್ತೇನೆ. ಮತ್ತೆ ನೀನು ಉಂಟು, ನಾನುಂಟು."

ಮುಳ್ಳೇರಿಯಕ್ಕೆ ಆಗ ಶನಿವಾರ ಶನಿವಾರ ಒಬ್ಬ ಡಾಕ್ಟರು ಬರುತ್ತಿದ್ದರು. ತೆಂಕಲಾಗಿನ, ಎಂದರೆ ದಕ್ಷಿಣದ ಕಡೆಯ, ಮಲಯಾಳದವರು, ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು, ಕೈಗುಣ ಒಳ್ಳೆಯದೆಂದು ಹೆಸರಿತ್ತು. ಗುಡ್ಡ ದಾಟಿ, ಅರ್ಧ ದಾರಿ ನಡೆದು, ಅರ್ಧ ದಾರಿ ಬಸ್ಸಿನಲ್ಲಿ ಹೋದೆವು. ನಡೆಯುವ ಅರ್ಧದಲ್ಲಿ ಅವಳು ಒಂಬತ್ತು ಕಡೆ ಕೂತಳು. ನಾನು ಎಣಿಸಿದೆ. ಪ್ರತಿ ಸಲ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಬೆನ್ನು ಹಾಕಿ ನಿಂತೆ.

ಡಾಕ್ಟರು ಅವಳ ಕತ್ತು ಮುಟ್ಟಿ ನೋಡಿದರು. ನೀರು ಕುಡಿಸಿ ನುಂಗುವಾಗ ಮತ್ತೆ ಮುಟ್ಟಿದರು. ಹುಬ್ಬು ನೋಡಿದರು, ಕೈಯ ಚರ್ಮ ಉಜ್ಜಿದರು, ಮೊಣಕಾಲಿಗೆ ಒಂದು ಸಣ್ಣ ಸುತ್ತಿಗೆಯಿಂದ ಬಡಿದರು. ಮುಟ್ಟಿನ ವಿಷಯ ಕೇಳಿದರು. ಅವಳು ತಲೆ ತಗ್ಗಿಸಿ ಮಲಯಾಳದಲ್ಲೇ ಉತ್ತರ ಕೊಟ್ಟಳು, ಹತ್ತು ಹನ್ನೆರಡು ಎಂದದ್ದು ನನಗೆ ತಿಳಿಯಿತು. ಮತ್ತೆ ಡಾಕ್ಟರು ನನ್ನ ಕಡೆ ತಿರುಗಿ, ಮಲಯಾಳ ಗೊತ್ತುಂಟೋ ಎಂದು ಕೇಳಿದರು.

"ಅರಿಯಾಂ," ಎಂದೆ. ಗೊತ್ತುಂಟು ಎಂದು.

ಗೊತ್ತಿದ್ದದ್ದು ಎಷ್ಟು? ಕಳ್ಳಂಗಡಿಯಲ್ಲಿ ಕಲಿತಷ್ಟು. ಬಾ, ಹೋಗು, ಕೊಡು, ಬೇಡ. ಆದರೆ ಹೆಂಡತಿಯ ಎದುರು ಗೊತ್ತಿಲ್ಲ ಎನ್ನುವ ಗಂಡಸು ನಾನಲ್ಲ. ಅಮ್ಮಣಿ, "ಅವರು ಹೇಳಿದ್ದು ನಾನು ಹೇಳ್ತೇನೆ..." ಎಂದು ಶುರು ಮಾಡಿದಳು. "ನೀನು ಬಾಯಿ ಮುಚ್ಚು, ನನಗೆ ಬರ್ತದೆ," ಎಂದೆ. ಅವಳು ಬಾಯಿ ಮುಚ್ಚಿದಳು.

ಡಾಕ್ಟರು ನನಗೆ ಸುಮಾರು ಹೊತ್ತು ಏನೇನೋ ಹೇಳಿದರು. ಕತ್ತು ತೋರಿಸಿದರು, ಕೈ ಬಿಡಿಸಿದರು. ನಾನು ತಲೆ ಆಡಿಸುತ್ತಾ ಇದ್ದೆ. ಕೊನೆಗೆ ಬೆರಳೆತ್ತಿ, ಒಂದೊಂದೇ ಅಕ್ಷರ ಬಿಡಿಸಿ, ಮಗ್ಗಿ ಹೇಳಿಕೊಡುವ ಮಾಸ್ತರರ ಹಾಗೆ ಹೇಳಿದರು.

"ಇದು ಮಡಿಯಲ್ಲ. ಮಡಿಯಲ್ಲ!"

ಅದು ಮಾತ್ರ ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಮಡಿಯಲ್ಲ! ಹನ್ನೆರಡು ದಿನ ಮುಟ್ಟು ಇರುವ ಹೆಂಗಸು ನಾಲ್ಕನೇ ದಿನಕ್ಕೆ ಒಳಗೆ ಬಂದು ಒಲೆ ಮುಟ್ಟಿದ್ದಾಳೆ, ಮಡಕೆ ಮುಟ್ಟಿದ್ದಾಳೆ, ದೈವದ ದೀಪಕ್ಕೆ ಎಣ್ಣೆ ಹಾಕಿದ್ದಾಳೆ. ರಸ ಹುಳಿಯದೆ ಮತ್ತೇನಾದೀತು? ಪೊಲೀಸರು ಬಾರದೆ ಮತ್ತೆ ಯಾರು ಬರುತ್ತಾರೆ? ದೊಡ್ಡ ಡಾಕ್ಟರು, ಕೋಟು ಹಾಕಿದವರು, ಅವರಿಗೇ ಕಂಡಿತಲ್ಲ. ಅವರು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಮಂಗಳೂರು, ಮಾತ್ರೆ ಎಂದದ್ದೂ ಕೇಳಿಸಿತು. ಮೈಲಿಗೆಗೆ ಮಾತ್ರೆ ಇರುವುದುಂಟೇ? ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದೆ.

ಬಸ್ಸಿನಲ್ಲಿ ಅಮ್ಮಣಿಯ ಮುಖ ಬೇರೆಯೇ ಆಗಿತ್ತು. ಊದಿದ ಆ ಮುಖದಲ್ಲಿ ನಗು ಇತ್ತು. ಮೂರು ವರ್ಷದಲ್ಲಿ ನೋಡದ ನಗು.

"ಕೇಳಿದಿರಲ್ಲ, ಡಾಕ್ಟರು ಹೇಳಿದ್ದು?" ಎಂದಳು.

"ಕೇಳಿದೆ."

"ಇನ್ನಾದರೂ ನಂಬ್ತೀರಾ?"

"ನಂಬದೆ ಎಂತ ಮಾಡುದು? ಅವರೇ ಹೇಳಿದ ಮೇಲೆ."

ಅವಳು ಒಂದು ದೊಡ್ಡ ಉಸಿರು ಬಿಟ್ಟು, ನನ್ನ ಹೆಗಲಿಗೆ ತಲೆ ಇಟ್ಟು ನಿದ್ರೆ ಮಾಡಿದಳು. ಅಬ್ಬ, ನಾಚಿಕೆಗೆಟ್ಟವಳೇ ಎಂದುಕೊಂಡೆ. ಇಷ್ಟೆಲ್ಲ ಬಯಲಾದ ಮೇಲೂ ಮೈಗೆ ಮೈ ತಾಗಿಸುತ್ತಾಳೆ! ಹೆಗಲು ಸರಿಸಿದೆ. ಅವಳ ತಲೆ ಬಸ್ಸಿನ ಕಂಬಿಗೆ ಬಡಿಯಿತು. ಎಚ್ಚರವಾಗಿ ನನ್ನನ್ನು ನೋಡಿದಳು. ನಾನು ಹೊರಗೆ ನೋಡಿದೆ.

ಮನೆಗೆ ಮುಟ್ಟಿದ ಕೂಡಲೇ ಅಮ್ಮನಿಗೆ ಹೇಳಿದೆ. ಅಮ್ಮ ಎದೆಗೆ ಕೈ ಇಟ್ಟುಕೊಂಡಳು. ನಾಲ್ಕನೇ ದಿನ ತಾನೇ ಕರೆದದ್ದು ಅವಳಿಗೆ ಆಗಲೂ ನೆನಪಾಗಲಿಲ್ಲ. "ಇನ್ನು ಹೊಸ್ತಿಲು ದಾಟಿ ಒಳಗೆ ಬರಬಾರದು. ಕೊಟ್ಟಿಗೆಯಲ್ಲಿ ಇರಲಿ," ಎಂದಳು. ಅಮ್ಮಣಿಯ ಚಾಪೆ, ಕಂಬಳಿ, ಬಟ್ಟಲನ್ನು ನಾನೇ ಸೌದೆ ಕೊಟ್ಟಿಗೆಗೆ ಎಸೆದು ಬಂದೆ. ಡಾಕ್ಟರ ಚೀಟಿಯನ್ನು ಕೊಟ್ಟಿಗೆಯ ಮಾಡಿನ ಹುಲ್ಲಿಗೆ ಸಿಕ್ಕಿಸಿದೆ.

ಅಮ್ಮಣಿ ಅಂಗಳದಲ್ಲಿ ನಿಂತು ಚಾಪೆ ಬಿದ್ದದ್ದನ್ನು ನೋಡಿದಳು. "ಡಾಕ್ಟರು ಅಷ್ಟು ಹೇಳಿದ ಮೇಲೂ?" ಎಂದಳು.

"ಅಷ್ಟು ಹೇಳಿದ್ದಕ್ಕೇ," ಎಂದೆ.

ಅವಳಿಗೆ ಏನೂ ಅರ್ಥವಾಗದ ಹಾಗೆ ಕಂಡಿತು. ಮತ್ತೆ ಮುಖ ಮುಚ್ಚಿದ ಬಾಗಿಲಿನಂತೆ ಆಯಿತು. ಕೊಟ್ಟಿಗೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮಡಕೆಗೆ ಸುಣ್ಣ ಬಳಿಯುವುದು, ಒಲೆ, ಎಲ್ಲ ಅಮ್ಮನ ಕೈಗೆ ಹೋಯಿತು. ಅವಳ ಕೈಯಲ್ಲಿಯೂ ತಿಂಗಳಿಗೆ ಎರಡೋ ಮೂರೋ ಮಡಕೆ ಹುಳಿಯಿತು. ಅದು ಅಮ್ಮಣಿಯ ನೆರಳು ಬಿದ್ದದ್ದರಿಂದ ಎಂದು ಅಮ್ಮ ಹೇಳಿದಳು. ನಾನೂ ಹೌದೆಂದೆ. ಮನಸ್ಸು ಒಮ್ಮೆ ಒಂದು ಕಡೆ ವಾಲಿದರೆ ಗೋಡೆಯೂ ಸಾಕ್ಷಿ ಹೇಳುತ್ತದೆ.

ಅಮ್ಮಣಿಗೆ ದೂರದಿಂದ ಗಂಜಿ ಇಡುತ್ತಿದ್ದೆ. ಮಾತಿಲ್ಲ, ಕತೆಯಿಲ್ಲ. ಎರಡು ಸಲ ಅವಳು "ಮಾತ್ರೆ ತರಿಸಿದಿರಾ?" ಎಂದು ಕೇಳಿದಳು. "ನಿನಗೆ ಮಾತ್ರೆ ಅಲ್ಲ, ಕೆರೆ ನೀರು ಬೇಕು," ಎಂದೆ. ಮೂರನೆಯ ಸಲ ಕೇಳಲಿಲ್ಲ. ಹಗಲೆಲ್ಲ ನಿದ್ರೆ. ಎಬ್ಬಿಸಿದರೆ ಕಣ್ಣು ತೆರೆಯಲು ಹೊತ್ತು ಬೇಕು, ತೆರೆದರೆ ಗುರುತು ಹಿಡಿಯಲು ಇನ್ನಷ್ಟು ಹೊತ್ತು. ಕಾಲು ಬಾತು ಮೆಟ್ಟು ಹಿಡಿಯುತ್ತಿರಲಿಲ್ಲ. ನೋಡಿ ಮರುಕ ಬರಲಿಲ್ಲವೇ ಎಂದು ನೀವು ಕೇಳಬಹುದು. ಬರುವ ಮೊದಲೇ ಸಿಟ್ಟು ಬಂದು ಬಾಗಿಲಲ್ಲಿ ಕೂರುತ್ತಿತ್ತು. ಕತ್ತಿಗೆ ಮಡಕೆಯ ಚೂರು ಕಟ್ಟಿಸಿಕೊಂಡು ಪೇಟೆಯಲ್ಲಿ ನಡೆದವನು ನಾನು, ಅವಳಲ್ಲ.

ಮಾರ್ಚಿನಲ್ಲಿ ಒಂದು ದಿನ ಕೊಟ್ಟಿಗೆಗೆ ಸೌದೆಗೆಂದು ಹೋದೆ. ಅವಳು ಎದ್ದು ಕೂತಿದ್ದಳು.

"ನಿಮಗೆ ದೇವರ ಭಯ ಇಲ್ವಾ?" ಎಂದಳು. "ಡಾಕ್ಟರು ನಿಮ್ಮ ಎದುರೇ ಹೇಳಿದ್ರು. ನಾನೂ ಕೇಳಿದ್ದೇನೆ, ನೀವೂ ಕೇಳಿದ್ದೀರಿ."

"ಕೇಳಿದ್ದೇನೆ. ಕೇಳಿಯೂ ನೀನು ಒಳಗೆ ಬರ್ಬೇಕು ಅಂತೀಯಲ್ಲ, ನಿನಗೆ ಮಾನ ಇಲ್ವಾ?"

"ಕೇಳಿಯೂ ನೀವು ಹೀಗೆ ಇಟ್ಟಿದ್ದೀರಿ ಅಂದ್ರೆ, ನಿಮ್ಮಂಥ ಕಟುಕ ಈ ಊರಲ್ಲೇ ಇಲ್ಲ."

"ಕಟುಕನಾದ್ರೆ ನಿನ್ನ ತವರಿಗೆ ಹೋಗು!"

"ನಡೆಯುವ ಕಾಲಿದ್ರೆ ಎಂದೋ ಹೋಗ್ತಿದ್ದೆ."

ಒಂದೇ ಮಾತನ್ನು ಇಬ್ಬರೂ ಕೇಳಿದ್ದೆವು. ಅದನ್ನೇ ಹಿಡಿದುಕೊಂಡು ಇಬ್ಬರೂ ಜಗಳವಾಡಿದೆವು. ಅದು ಯಾವ ಮಾತು ಎಂದು ಬಿಡಿಸಿ ಹೇಳಲು ಇಬ್ಬರಿಗೂ ತೋಚಲಿಲ್ಲ. ಅವಳ ಬಾಯಿಂದ ಕಟುಕ ಎನಿಸಿಕೊಂಡ ದಿನವೇ ನಾನು ತೀರ್ಮಾನ ಮಾಡಿದೆ, ಈ ಸಂಬಂಧ ಸಾಕು.

ಅಮ್ಮ ಅದಕ್ಕೇ ಕಾದು ಕೂತಿದ್ದಳು. ಕಿನ್ನಿ ಎಂಬ ಒಬ್ಬ ಹುಡುಗಿಯನ್ನು ಅವಳು ಆಗಲೇ ನೋಡಿ ಬಂದಿದ್ದಳು, ಕೋಳಿ ಕೂಗುವ ಮೊದಲೇ ಏಳುವವಳಂತೆ. ನಮ್ಮವರಲ್ಲಿ ಮದುವೆ ಕೂಡಿಸುವುದೂ ಬಿಡಿಸುವುದೂ ಜಾತಿಯ ಗುರಿಕ್ಕಾರರ ಎದುರು. ಎರಡೂ ಕಡೆಯವರು ಕೂತು ಮಾತಾಡಿ, ತಪ್ಪು ಯಾರದೆಂದು ನೋಡಿ, ಬಿಡುಗಡೆ ಕೊಡುತ್ತಾರೆ. ತಪ್ಪು ಹೆಂಡತಿಯದಾದರೆ ಅವಳು ಬರಿಗೈಯಲ್ಲಿ ಹೋಗಬೇಕು, ಹೆಸರೂ ಕೆಡುತ್ತದೆ, ಮತ್ತೊಂದು ಮದುವೆಯ ಆಸೆಯೂ ಇಲ್ಲ. ನಮ್ಮ ಗುರಿಕ್ಕಾರರು ಮಂಜ ಪೂಜಾರಿಯವರು, ಗಟ್ಟಿ ಮನುಷ್ಯ. ಪತ್ತನಾಜೆಯ ಮುನ್ನಾ ದಿನ, ಅಂದರೆ ಮಳೆಗಾಲಕ್ಕೆ ಮೊದಲು, ಅವರ ಅಂಗಳದಲ್ಲಿ ಸೇರುವುದೆಂದು ನಿಶ್ಚಯವಾಯಿತು.

"ಬರೀ ಬಾಯಿಮಾತು ನಾನು ಕೇಳ್ಲಿಕ್ಕಿಲ್ಲ," ಎಂದು ಗುರಿಕ್ಕಾರರು ಮೊದಲೇ ಹೇಳಿಬಿಟ್ಟರು. "ಡಾಕ್ಟರು ಹೇಳಿದ್ದು ಅಂದ್ರೆ ಡಾಕ್ಟರ ಕಾಗದ ತಾ."

ತರದೆ ಬಿಡುತ್ತೇನೆಯೇ! ಮುಂದಿನ ಶನಿವಾರವೇ ಮುಳ್ಳೇರಿಯಕ್ಕೆ ಹೋದೆ. ನನಗೆ ಗೊತ್ತಿದ್ದ ಅಷ್ಟೂ ಮಲಯಾಳವನ್ನು ಒಟ್ಟು ಮಾಡಿ ಡಾಕ್ಟರಿಗೆ ಹೇಳಿದೆ. ಹೆಂಡತಿ, ಮಡಿಯಲ್ಲ, ಜಾತಿಯವರು, ಎಳುದಿ ತರಣಂ. ಬರೆದು ಕೊಡಬೇಕು ಎಂದು.

ಡಾಕ್ಟರಿಗೆ ತುಂಬಾ ಸಂತೋಷವಾದ ಹಾಗೆ ಕಂಡಿತು. ಎದ್ದು ನಿಂತು ನನ್ನ ಬೆನ್ನು ತಟ್ಟಿದರು. ನಲ್ಲ ಭರ್ತಾವು ಎಂದರು, ಒಳ್ಳೆಯ ಗಂಡ ಎಂದು. ಅಲ್ಲಿ ಕೂತಿದ್ದ ಉಳಿದ ರೋಗಿಗಳಿಗೂ ನನ್ನನ್ನು ತೋರಿಸಿ ಏನೋ ಹೇಳಿದರು, ಒಬ್ಬ ಮುದುಕಿ ನನ್ನ ಕಡೆ ನೋಡಿ ಕೈ ಮುಗಿದಳು. ಡಾಕ್ಟರು ಒಂದು ಇಡೀ ಹಾಳೆ ತುಂಬ ಮಲಯಾಳದಲ್ಲಿ ಬರೆದು, ಕೆಳಗೆ ರುಜು ಹಾಕಿ ಕೊಟ್ಟರು. ನನಗೆ ಆ ಅಕ್ಷರ ಒಂದೂ ಬರುವುದಿಲ್ಲ. ಆದರೂ ಬಸ್ಸಿನಲ್ಲಿ ನಾಲ್ಕು ಸಲ ತೆಗೆದು ನೋಡಿದೆ. ನನ್ನ ಮಾನ ತಿರುಗಿ ನನ್ನ ಕೈಗೆ ಬಂದ ಹಾಗಿತ್ತು.

ನಿಶ್ಚಯವಾದ ದಿನ ಬೆಳಿಗ್ಗೆ ಗುರಿಕ್ಕಾರರ ಅಂಗಳದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಬೋವಿಕಾನದಿಂದ ಅಮ್ಮಣಿಯ ಸೋದರಮಾವ ಕುಂಞ ಬಂದಿದ್ದ. ಅವಳನ್ನು ನೋಡಿ ಅವನಿಗೆ ಮೊದಲು ಗುರುತೇ ಸಿಗಲಿಲ್ಲ. ಅವಳು ನಿಲ್ಲಲಾರದೆ ಕಂಬಕ್ಕೆ ಒರಗಿ ನೆಲದಲ್ಲಿ ಕೂತಳು. ಜಾತಿಯವರ ಎದುರೂ ಒರಗಿ ಕೂತಿದ್ದಾಳೆ ನೋಡಿ ಎಂದು ಅಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ನಾನು ನಿಂತು ದೂರು ಹೇಳಿದೆ. ರಸ ಹುಳಿದದ್ದು, ಪೊಲೀಸರು, ಕತ್ತಿಗೆ ಮಡಕೆ. "ಇದೆಲ್ಲ ಯಾಕೆ ಆಯ್ತು ಅಂತ ಡಾಕ್ಟರೇ ಬರೆದು ಕೊಟ್ಟಿದ್ದಾರೆ," ಎಂದು ಹಾಳೆಯನ್ನು ಮುಂದಿಟ್ಟೆ.

ಗುರಿಕ್ಕಾರರು ತಿರುಗಿಸಿ ಮುರುಗಿಸಿ ನೋಡಿದರು. "ಇದು ಮಲಯಾಳ ಅಲ್ವಾ ಮಾರಾಯ! ನನಗೆ ಮಾತಾದರೆ ತಿಳೀತದೆ, ಅಕ್ಷರ ಬರುದಿಲ್ಲ. ಕುಂಞ, ನೀನು ಓದ್ತೀಯಾ?"

"ನಾನು ಶಾಲೆಗೆ ಹೋದವ ಅಲ್ಲ," ಎಂದ ಕುಂಞ. "ಅವಳಿಗೆ ಬರ್ತದೆ."

ಎಲ್ಲರೂ ಅಮ್ಮಣಿಯನ್ನು ನೋಡಿದರು. ನನಗೆ ನಗು ಬಂತು. ಅವಳ ಮೈಲಿಗೆಯನ್ನು ಅವಳೇ ಓದಲಿ, ಅದಕ್ಕಿಂತ ಬೇರೆ ಎಂತ ಬೇಕು?

ಅವಳು ಹಾಳೆ ತೆಗೆದುಕೊಂಡಳು. ಅದನ್ನು ಮಂಡಿಯ ಮೇಲೆ ಇಟ್ಟು, ಮೊದಲ ಸಾಲನ್ನು ಬರೆದ ಹಾಗೆಯೇ ಮಲಯಾಳದಲ್ಲಿ ಓದಿದಳು. "ಇದು ಮಡಿಯಲ್ಲ."

"ಕೇಳಿದಿರಾ!" ಎಂದು ನಾನು ಹಾರಿದೆ. "ಅವಳ ಬಾಯಿಂದಲೇ ಬಂತು! ಮಡಿಯಲ್ಲ! ಮಡಿ ಇಲ್ಲದೆ ನನ್ನ ಮಡಕೆ ಮುಟ್ಟಿದ್ದಾಳೆ, ಒಲೆ ಮುಟ್ಟಿದ್ದಾಳೆ, ದೈವದ ದೀಪ ಮುಟ್ಟಿದ್ದಾಳೆ! ಇನ್ನೆಂತ ಸಾಕ್ಷಿ ಬೇಕು?"

ಅಮ್ಮಣಿ ನನ್ನನ್ನು ನೋಡುತ್ತಿದ್ದಳು. ಆ ಊದಿದ ರೆಪ್ಪೆಗಳು ಮೆಲ್ಲಗೆ ಪೂರ್ತಿ ತೆರೆದವು. ಐದು ತಿಂಗಳಲ್ಲಿ ಅಷ್ಟು ಎಚ್ಚರವಾಗಿ ಅವಳನ್ನು ನಾನು ನೋಡಿರಲಿಲ್ಲ.

"ಮಡಿ ಅಂದ್ರೆ..." ಎಂದಳು. "ನೀವು ಅದನ್ನು ಆ ಮಡಿ ಅಂತ ಎಣಿಸಿದಿರಾ?"

ಕುಂಞ ಹಣೆಗೆ ಬಡಿದುಕೊಂಡ. ಗುರಿಕ್ಕಾರರು ವೀಳ್ಯ ಉಗಿದು, ಬಾಯಿ ಒರೆಸಿಕೊಂಡು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ನನಗೆ ಹೇಳಿದರು. "ಹೊನ್ನಯ್ಯಾ, ನನ್ನ ಮಗಳನ್ನು ಕೊಟ್ಟದ್ದು ನೀಲೇಶ್ವರದ ಕಡೆಗೆ. ಅಲ್ಲಿ ಮಡಿ ಅಂದ್ರೆ ಸ್ನಾನದ ಮಡಿ ಅಲ್ಲ ಮಾರಾಯ. ಮಡಿ ಅಂದ್ರೆ ಸೋಮಾರಿತನ. ಮೈಗಳ್ಳತನ. ಇದು ಮಡಿಯಲ್ಲ ಅಂದ್ರೆ, ಇವಳದ್ದು ಸೋಮಾರಿತನ ಅಲ್ಲ ಅಂತ."

ಅಮ್ಮಣಿ ಆಗಲೇ ಮುಂದಿನದನ್ನು ಓದಿ ಅರ್ಥ ಹೇಳುತ್ತಿದ್ದಳು, ನಿಂತು ನಿಂತು, ಉಸಿರು ತೆಗೆದು. ಕತ್ತಿನ ಒಳಗೆ ಒಂದು ಗ್ರಂಥಿ ಉಂಟು. ಅದು ಕೆಲಸ ನಿಲ್ಲಿಸಿದೆ. ಅದಕ್ಕೇ ಆಯಾಸ, ನಿದ್ರೆ, ಚಳಿ, ಮರೆವು, ಬಾವು. ಅದಕ್ಕೇ ಮುಟ್ಟು ನಿಲ್ಲದ್ದು. ಹೊಡೆದರೂ ಬೈದರೂ ಇವಳಿಂದ ಏಳಲಿಕ್ಕಾಗದು. ಹಿಂದೆ ಬರೆದುಕೊಟ್ಟ ಮಾತ್ರೆಯನ್ನು ದಿನಾ ಕೊಟ್ಟರೆ ಆರು ತಿಂಗಳಲ್ಲಿ ಮೊದಲಿನ ಹಾಗೆ ಆಗುತ್ತಾಳೆ. ಮನೆಯವರು ಇವಳನ್ನು ಸೋಮಾರಿ ಎನ್ನಬಾರದೆಂದು ಇವಳ ಗಂಡನೇ ಬಂದು ಈ ಕಾಗದ ಕೇಳಿದ್ದಾನೆ, ಅಂಥ ಗಂಡ ಸಿಕ್ಕಿದ್ದು ಇವಳ ಪುಣ್ಯ.

ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಜನರಲ್ಲಿ ಯಾರೋ ಕಿಸಕ್ಕೆಂದರು.

"ನಾಲ್ಕನೇ ದಿನ ಒಳಗೆ ಬಾ ಅಂತ ಕರೆದದ್ದು ಅತ್ತೆ," ಎಂದಳು, ಅಮ್ಮನ ಕಡೆ ನೋಡದೆ. "ಅದೂ ಇಲ್ಲಿ ಗೊತ್ತಿರಲಿ."

ಅಮ್ಮ ಸೆರಗು ಸರಿಮಾಡಿಕೊಂಡಳು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕತ್ತಿಗೆ ಮಡಕೆ ಕಟ್ಟಿದಾಗಲೂ ಇಷ್ಟು ಅವಮಾನವಾಗಿರಲಿಲ್ಲ. ಅವಳ ಹತ್ತಿರ ಹೋಗಿ ನಿಂತೆ. "ನನಗೆ ಗೊತ್ತಾಗ್ಲಿಲ್ಲ," ಎಂದೆ. "ಒಂದು ಶಬ್ದ ತಪ್ಪಿ ಇಷ್ಟೆಲ್ಲ ಆಯ್ತು."

"ಶಬ್ದ ತಪ್ಪಿದ್ದು ಐದು ತಿಂಗಳ ಹಿಂದೆ," ಎಂದಳು. ಅವಳ ಸ್ವರದಲ್ಲಿ ಸಿಟ್ಟು ಕೂಡ ಇರಲಿಲ್ಲ, ದಣಿವು ಮಾತ್ರ ಇತ್ತು. "ಅದಕ್ಕೆ ಮೊದಲು ಮೂರು ವರ್ಷ ನೀವು ನನ್ನನ್ನು ಎಂತ ಅಂತ ಕರೀತಿದ್ರಿ? ಸೋಮಾರಿ ಅಂತ. ಅದರ ಅರ್ಥ ನಮಗಿಬ್ಬರಿಗೂ ಗೊತ್ತಿತ್ತು."



ಗುರಿಕ್ಕಾರರು ಗಂಟಲು ಸರಿಮಾಡಿದರು. "ಹೊನ್ನಯ್ಯಾ, ಈಗ ನಿನ್ನ ದೂರು ಉಂಟಾ, ಇಲ್ವಾ?"

"ಇಲ್ಲ," ಎಂದೆ. ನಾಳೆಯೇ ಮಂಗಳೂರಿಗೆ ಹೋಗಿ ಮಾತ್ರೆ ತರುತ್ತೇನೆ ಎಂದೆ. ಚೀಟಿ ಕೊಟ್ಟಿಗೆಯ ಮಾಡಿನಲ್ಲೇ ಉಂಟು, ಹಾಳಾಗಿಲ್ಲ ಎಂದೆ. ಒಲೆಯನ್ನು ನಾನೇ ನೋಡಿಕೊಳ್ಳುತ್ತೇನೆ, ಕಿನ್ನಿಯೂ ಬೇಡ ಯಾರೂ ಬೇಡ ಎಂದೆ. ಒಂದರ ಹಿಂದೆ ಒಂದು ಹೇಳುತ್ತಾ ಹೋದೆ, ಜನರ ಎದುರು ಎನ್ನುವುದನ್ನೂ ಮರೆತು. ಅಂಗಳವೆಲ್ಲ ಕೇಳುತ್ತಿತ್ತು. ಕೊನೆಗೆ ಬಗ್ಗಿ ಅವಳ ಕಡೆ ಕೈ ಚಾಚಿದೆ.

"ಏಳು ಅಮ್ಮಣಿ. ಮನೆಗೆ ಹೋಗುವ."

ಅವಳು ಡಾಕ್ಟರ ಹಾಳೆಯನ್ನು ನಾಲ್ಕಾಗಿ ಮಡಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಕೈಯನ್ನು ನೋಡಿದಳು. ಮತ್ತೆ ಇನ್ನೊಂದು ಕಡೆ ತಿರುಗಿ ಮಾವನ ತೋಳು ಹಿಡಿದು, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು ಎಂದು, ಮೆಲ್ಲಗೆ ಎದ್ದು ನಿಂತಳು.

"ನನಗೆ ಬರ್ಲಿಕ್ಕೆ ಮಡಿ," ಎಂದಳು.

ಕುಂಞ ಅವಳನ್ನು ನಡೆಸಿಕೊಂಡು ಬಸ್ಸಿನ ದಾರಿಗೆ ಇಳಿದ. ಗುರಿಕ್ಕಾರರು ನನ್ನ ಮುಖ ನೋಡಿ, ಅರ್ಥ ಹೇಳಬೇಕಾ ಎಂದು ಕೇಳಿದರು.

ಬೇಡ ಎಂದೆ.